ಮಹಾನಂದಾಗಿಂತ ಒಂದು ಮಹಡಿ ಮೇಲೆ

ಇನ್ನು ಮುಂದೆ ಈ ಓಣಿಯಲ್ಲಿ ಯಾರೂ ಪ್ರವಾಸಕ್ಕೆ ಹೋಗಿ ಬಂದು ಹಳಹಳಿಸುವ ಕಾರಣವಿಲ್ಲ ಎಂದು ಗುರಪಾದಪ್ಪ ಕಟ್ಟೆಯ ಮೇಲೆ ನಿಂತು ಸಾರಿದಾಗ, ಅವನ ಹೆಂಡತಿ ಕಾಶೀಬಾಯಿ ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ಬೀಸಿಕೊಳ್ಳದೆ ಏನು ಮಾಡುತ್ತಾಳೆ? ಮನೆಯಲ್ಲಿದ್ದ ಒಂದೇ ಒಂದು ಕೂಲರನ್ನು ಗಂಡ ಬಿಚ್ಚಿ, ಅದರ ಹೊಟ್ಟೆಯೊಳಗೆ ಏನೇನೋ ತುಂಬಿ, ಮೇ ತಿಂಗಳ ಬಿಸಿಲಲ್ಲಿ ತಂದು ಊರ ಮುಂದೆ ಕೂರಿಸಿದ್ದ.

ಜಮಖಂಡಿಯ ಆ ಓಣಿಗೆ ಗುರಪಾದಪ್ಪನ ಯಂತ್ರಗಳು ಹೊಸವಲ್ಲ. ಮಿಕ್ಸರು, ಫ್ಯಾನು ರಿಪೇರಿ ಮಾಡುವುದು ಅವನ ಹೊಟ್ಟೆಪಾಡು; ಯಂತ್ರ ಕಂಡುಹಿಡಿಯುವುದು ಅವನ ಹುಚ್ಚು. ಹಿಂದೊಮ್ಮೆ ರೊಟ್ಟಿ ಬಡಿಯುವ ಯಂತ್ರ ಮಾಡಿ ಪಕ್ಕದ ಮನೆಯ ಗೋಡೆಗೆಲ್ಲ ರೊಟ್ಟಿ ಅಂಟಿಸಿದ್ದ. ಈ ಸಲದ್ದು ಪ್ರವಾಸದ ಯಂತ್ರ. ಕೂಲರಿನ ನೆತ್ತಿಯ ಮೇಲೆ ಬ್ಯೂಟಿ ಪಾರ್ಲರಿನವರು ಬಿಸಾಕಿದ ಕೂದಲು ಒಣಗಿಸುವ ಟೊಪ್ಪಿಗೆ, ಎದೆಯ ಮೇಲೆ ಅವನದೇ ಹಳೆಯ ಮೊಬೈಲು, ಬದಿಗೆ ಗುಜರಿಯಲ್ಲಿ ಸಿಕ್ಕ ಬಸ್ ಸ್ಟ್ಯಾಂಡಿನ ಧ್ವನಿವರ್ಧಕ.

“ಟೊಪ್ಪಿಗಿ ಹಾಕ್ಕೊಂಡು ಸುಮ್ನ ಕುಂದ್ರೂದು, ಅಷ್ಟ,” ಎಂದ ಗುರಪಾದಪ್ಪ. “ಮನಸಿನ್ಯಾಗಿನ ಆಸೆ ಇದು ಹಿಡೀತೈತಿ. ಯಾವ ಬಸ್ಸು, ಯಾವ ಲಾಡ್ಜು, ಎಲ್ಲಾ ತಾನ ಠರಾಯಿಸಿ ತಾನ ಬುಕ್ ಮಾಡ್ತೈತಿ.”

ಕಾಶೀಬಾಯಿಗೆ ಯಂತ್ರದ ಮೇಲೆ ನಂಬಿಕೆ ಇರಲಿಲ್ಲ. ಆದರೆ ಅವಳಿಗೆ ಮುಂಬಯಿಗೆ ಹೋಗಲೇಬೇಕಾಗಿತ್ತು. ಎರಡು ದಿನ ಸಾಕು, ಶನಿವಾರ ಮತ್ತು ರವಿವಾರ.

ಕಾರಣ ಪಕ್ಕದ ಮನೆಯ ಮಹಾನಂದಾ. ಆ ಓಣಿಯಲ್ಲಿ ಒಂದು ರೂಢಿಯಿತ್ತು. ದೊಡ್ಡ ಊರಿಗೆ ಹೋಗಿ ಬಂದವರು ಮನೆಮನೆಗೆ ಫಳಾರ ಹಂಚಿ, ಸಂಜೆ ಕಟ್ಟೆಯ ಮೇಲೆ ಕೂತು ಪ್ರವಾಸದ ಕತೆ ಹೇಳಬೇಕು. ಇನ್ನೊಬ್ಬರು ಹೋಗಿ ಬರುವತನಕ ಕಟ್ಟೆಯ ನಡುವಿನ ಜಾಗ ಅವರದೇ, ಮಾತೂ ಅವರದೇ. ಹೋದ ಬೇಸಿಗೆಯಲ್ಲಿ ಮಹಾನಂದಾ ಮುಂಬಯಿಗೆ ಹೋಗಿ ಬಂದಳು. ಆಮೇಲೆ ಯಾರೂ ಎಲ್ಲಿಗೂ ಹೋಗಲಿಲ್ಲ. ವರ್ಷಪೂರ್ತಿ ಆ ಎರಡು ದಿನವನ್ನು ಹಿಂಜಿ ಹಿಂಜಿ ಓಣಿಯ ತುಂಬ ಹರಡಿದಳು. ಸಮುದ್ರ ಎಷ್ಟು ದೊಡ್ಡದು, ಲಾಡ್ಜಿನ ಲಿಫ್ಟು ಎಷ್ಟು ಮೆತ್ತಗೆ ಏರುತ್ತದೆ ಎಂಬುದೆಲ್ಲ ಕಾಶೀಬಾಯಿಗೆ ಬಾಯಿಪಾಠವಾಗಿತ್ತು. ಇವಳು ಹಿತ್ತಲಲ್ಲಿ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿದರೂ ಗೋಡೆಯಾಚೆಯಿಂದ, “ಮುಂಬೈಯೊಳಗ ಹಿಂಗ ಹೆಚ್ಚೂದಿಲ್ಲ, ಕಾಶಕ್ಕಾ,” ಎಂಬ ದನಿ ಬರುತ್ತಿತ್ತು. ಆಗೆಲ್ಲ ಕಾಶೀಬಾಯಿಯ ಎದೆಯಲ್ಲಿ ಒಗ್ಗರಣೆ ಸಿಡಿಯುತ್ತಿತ್ತು.

ಆದ್ದರಿಂದ ಓಣಿಯವರೆಲ್ಲ ನೋಡುತ್ತಿರುವಾಗ ಅವಳು ಟೊಪ್ಪಿಗೆಯ ಕೆಳಗೆ ಕೂತಳು. ಗುರಪಾದಪ್ಪ ಸ್ವಿಚ್ಚು ಒತ್ತಿದ. ಯಂತ್ರಕ್ಕೆ ಜೋಡಿಸಿದ್ದ ಮೀಟರಿನ ಮುಳ್ಳು ಸರ್ರನೆ ಕೊನೆಗೆ ಹೋಗಿ ಬಡಿದು ನಿಂತಿತು.

“ನೋಡ್ರಿ, ಎಷ್ಟ ಆಸೆ!” ಎಂದು ಅವನು ಹಿಗ್ಗಿದ.

ಧ್ವನಿವರ್ಧಕ ಗಂಟಲು ಸರಿಮಾಡಿಕೊಂಡಿತು. ಅದಕ್ಕೆ ಬಸ್ ಸ್ಟ್ಯಾಂಡಿನ ದನಿಯೊಂದೇ ಗೊತ್ತಿತ್ತು.

“ಪ್ರಯಾಣಿಕರ ಗಮನಕ್ಕೆ. ಕಾಶೀಬಾಯಿಯವರ ಪ್ರವಾಸ, ಮುಂಬಯಿ. ತಂಗುವುದು, ಮಹಾನಂದಾ ತಂಗಿದ್ದಕ್ಕಿಂತ ಒಂದು ಮಹಡಿ ಮೇಲೆ. ಮುಂಬಯಿಯ ಫೋಟೊ, ಮಹಾನಂದಾ ತೆಗೆಸಿಕೊಂಡಿದ್ದಕ್ಕಿಂತ ಎರಡು ಹೆಚ್ಚು. ಮರಳಿ ಬಂದ ಮೇಲೆ ಮಹಾನಂದಾಳ ಮೋರೆ ನೋಡುವುದು. ಇದು ಪ್ರವಾಸದ ಮುಖ್ಯ ಸ್ಥಳವಾಗಿರುತ್ತದೆ.”

ಓಣಿ ಬಿದ್ದು ಬಿದ್ದು ನಕ್ಕಿತು. ಕಾಶೀಬಾಯಿಯ ಮುಖ ಕೆಂಡವಾಯಿತು. ಆಸೆ ಹಿಡಿಯುವ ಯಂತ್ರವಂತೆ! ಹಿಡಿದದ್ದು ಹೊಟ್ಟೆಕಿಚ್ಚನ್ನು. ಯಂತ್ರವನ್ನು ಹದಗೊಳಿಸುವಾಗ ಗುರಪಾದಪ್ಪ ಹೆಂಡತಿಯನ್ನೇ ಕೂರಿಸಿ ಮುಳ್ಳು ಸರಿಮಾಡಿದ್ದ. ಗೋಡೆಯಾಚೆ ಮಹಾನಂದಾ ಮಾತಾಡಿದಾಗಲೆಲ್ಲ ಮುಳ್ಳು ಹಾರುತ್ತಿತ್ತು. ಅದನ್ನೇ ಆ ಜಾಣ ಪ್ರವಾಸದ ಆಸೆ ಎಂದು ಗುರುತು ಹಾಕಿಕೊಂಡಿದ್ದ.

ಮಹಾನಂದಾ ಸೊಂಟದ ಮೇಲೆ ಕೈಯಿಟ್ಟು ಮುಂದೆ ಬಂದಳು. ಪಾಪ, ಒಬ್ಬೊಬ್ಬರಿಗೆ ಸಂಕಟ ಇರುತ್ತದೆ, ತನಗೇನೂ ಹಾಗಿಲ್ಲ, ಬೇಕಾದರೆ ನೋಡಿರಿ ಎಂದು ತಾನೇ ಟೊಪ್ಪಿಗೆಯ ಕೆಳಗೆ ಕೂತಳು. ಮುಳ್ಳು ಈ ಸಲ ಕೊನೆಗೆ ಬಡಿದು ಬಾಗಿತು.

“ಪ್ರಯಾಣಿಕರ ಗಮನಕ್ಕೆ. ಮಹಾನಂದಾ ಅವರ ಪ್ರವಾಸ. ಮೊದಲನೆಯದಾಗಿ, ಕಾಶೀಬಾಯಿಯ ಬಸ್ಸು ಕೆಟ್ಟು ನಿಲ್ಲುವುದು. ಎರಡನೆಯದಾಗಿ, ಈ ವರ್ಷವಾದರೂ ಸಮುದ್ರವನ್ನು ಹತ್ತಿರದಿಂದ ನೋಡುವುದು.”

ನಗು ನಿಂತಿತು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಸಂಗವ್ವಜ್ಜಿ ತಲೆಯೆತ್ತಿದಳು.

“ಹಂಗಾದ್ರ ಹ್ವಾದ ವರ್ಷ ನೋಡಿದ್ದು ಏನವಾ?”

“ಬಸ್ಸಿನ್ಯಾಗಿಂದ ನೋಡೀನಿ,” ಎಂದಳು ಮಹಾನಂದಾ. “ಟ್ರಾಫಿಕ್ ಇತ್ತು.”

ಕಾಶೀಬಾಯಿಗೆ ಆ ಕ್ಷಣದಲ್ಲಿ ಆದ ತಂಪು ಹತ್ತು ಕೂಲರು ಹಚ್ಚಿದರೂ ಆಗುತ್ತಿರಲಿಲ್ಲ. ಆದರೆ ತಂಪಾದ ಮೇಲೆ ಸುಮ್ಮನಿರುವ ಹೆಣ್ಣಲ್ಲ ಅವಳು. ಹಾಗಾದರೆ ಆ ಲಿಫ್ಟೂ ಸುಳ್ಳೋ, ಅದನ್ನೂ ಕೇಳೋಣ ಎಂದು ಟೊಪ್ಪಿಗೆಗೆ ಕೈ ಹಾಕಿದಳು. ಮಹಾನಂದಾ ಬಿಡಲಿಲ್ಲ. ಎಳೆದಾಟದಲ್ಲಿ ಇಬ್ಬರ ತಲೆಗಳೂ ಒಂದೇ ಟೊಪ್ಪಿಗೆಯೊಳಗೆ ಸಿಕ್ಕಿಬಿದ್ದವು.

ಮೈಕನ್ನು ಧ್ವನಿವರ್ಧಕದ ಮುಂದೆ ಹಿಡಿದರೆ ಕೂಗು ಸುತ್ತಿ ಸುತ್ತಿ ಹೆಚ್ಚಾಗುತ್ತದಲ್ಲ, ಹಾಗಾಯಿತು. ಇವಳಿಗೆ ಅವಳಿಗಿಂತ ಮೇಲಿನದು ಬೇಕು, ಅವಳಿಗೆ ಇವಳಿಗಿಂತ ಮೇಲಿನದು ಬೇಕು. ಯಂತ್ರ ಪಾಪ ಒದರತೊಡಗಿತು. ಕಾಶೀಬಾಯಿ ಎಂಟನೇ ಮಹಡಿ. ಮಹಾನಂದಾ ಹನ್ನೆರಡು. ಕಾಶೀಬಾಯಿ ನಲವತ್ತು. ಮಹಾನಂದಾ ತಾರಸಿಯ ಮೇಲೆ. ಕಾಶೀಬಾಯಿ ತಾರಸಿಯ ಮೇಲಿನ ನೀರಿನ ಟಾಕಿ. ಮಹಾನಂದಾ ದುಬೈ. ಕಾಶೀಬಾಯಿ ಲಂಡನ್. ಮಹಾನಂದಾ ಚಂದ್ರಲೋಕ. ಕಾಶೀಬಾಯಿ ಚಂದ್ರಲೋಕ, ಕಿಟಕಿ ಪಕ್ಕ. ಅಷ್ಟಕ್ಕೆ ಕೂಲರಿನ ಹೊಟ್ಟೆಯಿಂದ ಹೊಗೆ ಬಂತು, ಗುರಪಾದಪ್ಪ ಓಡಿ ಬಂದು ವಾಯರು ಕಿತ್ತ.

ಎರಡು ದಿನ ತಟ್ಟಿ, ಕುಟ್ಟಿ, ಊದಿ ಅದನ್ನು ದಾರಿಗೆ ತಂದ. ಅದೂ ಬಾಲ ಮಡಚಿಕೊಂಡು ಗಂಡ ಹೆಂಡತಿಗೆ ಶುಕ್ರವಾರ ಸಂಜೆಯ ಮುಂಬಯಿ ಬಸ್ಸಿನಲ್ಲಿ ಎರಡು ಸೀಟು, ಸಮುದ್ರದ ಎದುರಿನ ಲಾಡ್ಜಿನಲ್ಲಿ ಒಂದು ಕೋಣೆ ಬುಕ್ ಮಾಡಿತು. ಕಾಶೀಬಾಯಿ ಸುದ್ದಿಯನ್ನು ಓಣಿಗೆಲ್ಲ ಮುಟ್ಟಿಸಿದಳು. ಮಹಾನಂದಾಳ ಬಾಗಿಲ ಮುಂದೆ ಮಾತ್ರ ಎರಡು ಸಲ.

ಆದರೆ ಯಂತ್ರದ ನಡತೆ ಸರಿ ಇರಲಿಲ್ಲ. ಅವಳು ಸೂಟ್‌ಕೇಸಿಗೆ ಇಳಕಲ್ ಸೀರೆ ಇಟ್ಟರೆ ಮೂಲೆಯಲ್ಲಿ ಕೂತು ಗುರ್ ಎನ್ನುತ್ತಿತ್ತು. ಶೇಂಗಾ ಚಟ್ನಿ ಕಟ್ಟಿದರೆ ಫ್ಯಾನು ತಿರುಗಿಸಿ ಪುಡಿಯೆಲ್ಲ ಹಾರಿಸಿತು. ಗುರುವಾರವಂತೂ, “ಪ್ರಯಾಣಿಕರ ಗಮನಕ್ಕೆ. ಎಲ್ಲರ ಪ್ರವಾಸ ಮಾಡಿಕೊಟ್ಟವರನ್ನು ಯಾರು ಕೇಳುತ್ತಾರೆ?” ಎಂದು ಕೇಳಿ ಸುಮ್ಮನಾಯಿತು.

“ಬೆಳ್ಳುಳ್ಳಿ ಅರದ ಮಿಕ್ಸರ್ ಜಾರು ಎಷ್ಟ ತೊಳದ್ರೂ ವಾಸನಿ ಹೋಗೂದಿಲ್ಲ ನೋಡು, ಹಂಗ,” ಎಂದ ಗುರಪಾದಪ್ಪ ತಲೆ ಕೆರೆದುಕೊಳ್ಳುತ್ತ. “ನಿಮ್ಮಿಬ್ಬರ ಕಿಚ್ಚು ಅದರೊಳಗ ಕುಂತಬಿಟ್ಟೈತಿ.”

ತನಗೇನು ಕಿಚ್ಚು, ಇದ್ದರೆ ಅವಳಿಗೆ ಎಂದು ಕಾಶೀಬಾಯಿ ರೇಗಿದಳು.

ಶುಕ್ರವಾರ ಮಧ್ಯಾಹ್ನ ಗುರಪಾದಪ್ಪ ಅಂಗಡಿಗೆ ಬೀಗ ಹಾಕಿ ಬರಲು ಹೋಗಿದ್ದ. ಇವಳು ರೊಟ್ಟಿಯ ಗಂಟು ಕಟ್ಟುತ್ತಿದ್ದಳು. ಬಾಗಿಲ ಮುಂದೆ ಪಾರ್ಸೆಲ್ ಗಾಡಿ ಬಂದು ನಿಂತಿತು. ಒಂದು ಕೂಲರು ಒಯ್ಯಬೇಕು, ಅಡ್ಡ ಮಲಗಿಸಬಾರದು, ಮುಖ ಹೊರಗಿನ ದೃಶ್ಯ ಕಾಣುವಂತೆ ಇಡಬೇಕು ಎಂದು ಹೇಳಿಕೆ ಬಂದಿದೆ ಎಂದ ಚಾಲಕ. ಗಂಡ ಕೊನೆಗೂ ಆ ಪೀಡೆಯನ್ನು ಎಲ್ಲಿಗೋ ಸಾಗಹಾಕುತ್ತಿದ್ದಾನೆ ಎಂದು ಕಾಶೀಬಾಯಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ತಾನೇ ಒಂದು ಬದಿ ಹಿಡಿದು ಎತ್ತಿ ಗಾಡಿಗೇರಿಸಿದಳು. ಮನೆಯಿಂದ ಹೊರಟ ವಸ್ತು ಎಂದು ಕುಂಕುಮವನ್ನೂ ಹಚ್ಚಿದಳು.

“ಸುಖವಾಗಿ ಹೋಗಿ ಬಾ, ಮೂಳ,” ಎಂದಳು. “ಬರದಿದ್ರೂ ಚಿಂತಿಲ್ಲ.”

ಗಾಡಿ ಓಣಿ ದಾಟುವಾಗ ಧ್ವನಿವರ್ಧಕದಿಂದ ಸಣ್ಣಗೆ ಶಿಳ್ಳೆ ಕೇಳಿಸಿತು.

ಗುರಪಾದಪ್ಪ ಓಡಿ ಬಂದಾಗ ಅವನ ಕೈಯಲ್ಲಿ ಫೋನಿತ್ತು, ಮುಖದಲ್ಲಿ ಜೀವ ಇರಲಿಲ್ಲ. ಬಸ್ಸಿನ ಎರಡೂ ಸೀಟು ರದ್ದಾಗಿದ್ದವು. ಬೇರೆ ಬಸ್ಸೆಂದರೆ ಬೇಸಿಗೆ ರಜೆ, ಒಂದು ಸೀಟೂ ಖಾಲಿಯಿಲ್ಲ. ಲಾಡ್ಜಿನ ಕೋಣೆ ಮಾತ್ರ ಹಾಗೇ ಇತ್ತು, ಒಂದು ಮಹಡಿ ಮೇಲಕ್ಕೆ ಬದಲಾಗಿತ್ತು. ಅತಿಥಿಯ ಹೆಸರಿದ್ದಲ್ಲಿ ‘ಶ್ರೀ ಕೂಲರ್’ ಎಂದಿತ್ತು.

ಕಾಶೀಬಾಯಿ ರೊಟ್ಟಿಯ ಗಂಟಿನ ಮೇಲೆಯೇ ಕೂತುಬಿಟ್ಟಳು. ಅವಳು ಅತ್ತಿದ್ದರೆ ಗಂಡನಿಗೆ ಧೈರ್ಯವಾದರೂ ಬರುತ್ತಿತ್ತು. ಅವಳು ಸುಮ್ಮನೆ ಅವನನ್ನು ನೋಡಿದಳು. ಅವನು ಆ ರಾತ್ರಿ ಅಂಗಡಿಯಲ್ಲೇ ಮಲಗಿದ.

ಶನಿವಾರ ಗುರಪಾದಪ್ಪನ ಫೋನಿಗೆ ಫೋಟೊಗಳು ಬಂದವು. ಸಮುದ್ರದ ಮುಂದೆ ಕೂಲರು. ದೋಣಿಯಲ್ಲಿ ಕೂಲರು. ಒಂದು ನವದಂಪತಿಯ ನಡುವೆ, ಅವರಿಗೆ ಗಾಳಿ ಹಾಕುತ್ತ, ಕೂಲರು. ಕಾಶೀಬಾಯಿ ಎಣಿಸಿದಳು. ಮಹಾನಂದಾಳ ಫೋಟೊಗಳಿಗಿಂತ ಎರಡು ಹೆಚ್ಚಿದ್ದವು.

ಸೋಮವಾರ ಸಂಜೆ ಅದೇ ಗಾಡಿ ಅದನ್ನು ತಂದು ಇಳಿಸಿತು. ಜಾಲರಿಯಲ್ಲಿ ಮರಳು, ಟೊಪ್ಪಿಗೆಯ ಮೇಲೆ ಒಣಗಿದ ಉಪ್ಪು. ಒಳಗೆ ಒಯ್ಯಬೇಕೆಂದರೆ ಬರಲೊಲ್ಲದು. ಎತ್ತಲು ಹೋದವರಿಗೆಲ್ಲ ಶಾಕ್ ಹೊಡೆಯಿತು. ಕಟ್ಟೆಯ ನಡುವಿನ ಜಾಗದಲ್ಲಿ, ಒಂದು ವರ್ಷ ಮಹಾನಂದಾ ಕೂತಿದ್ದ ಅದೇ ಜಾಗದಲ್ಲಿ ಇಟ್ಟ ಮೇಲೆಯೇ ತಣ್ಣಗಾಯಿತು. ಮೊದಲು ಫ್ಯಾನು ತಿರುಗಿಸಿ ಎಲ್ಲರ ಮುಖಕ್ಕೂ ಫಳಾರದಂತೆ ಒಂದೊಂದು ಹಿಡಿ ಮರಳು ಹಂಚಿತು. ಆಮೇಲೆ ಮೀನಿನ ವಾಸನೆಯ ಗಾಳಿ ಬಿಡುತ್ತ ಶುರುಮಾಡಿತು.

“ಪ್ರಯಾಣಿಕರ ಗಮನಕ್ಕೆ. ಮುಂಬಯಿಯಲ್ಲಿ ಹೀಗಿಲ್ಲ.”

ರೂಢಿ ಅಂದ ಮೇಲೆ ರೂಢಿ. ಹೋಗಿ ಬಂದವರು ಹೇಳಬೇಕು, ಉಳಿದವರು ಕೇಳಬೇಕು. ಸಂಗವ್ವಜ್ಜಿ ತೀರ್ಪು ಕೊಟ್ಟೇಬಿಟ್ಟಳು. ಅಂದು ಕತ್ತಲಾಗುವತನಕ ಅದು ಹೇಳಿತು. ಮಂಗಳವಾರವೂ ಹೇಳಿತು. ಒಂದೇ ಲಿಫ್ಟಿನ ವರ್ಣನೆ ಬುಧವಾರ ಪೂರ್ತಿ ಹಿಡಿಯಿತು. ನಡುವೆ ಬಾಯಿ ಹಾಕಿದವರ ಮುಖಕ್ಕೆ ಮತ್ತೆ ಮರಳು.

ಕಾಶೀಬಾಯಿ, ಮಹಾನಂದಾ ಇಬ್ಬರೂ ಕಟ್ಟೆಯ ತುದಿಯಲ್ಲಿ, ಇದ್ದಷ್ಟು ಜಾಗದಲ್ಲಿ ಒತ್ತಿಕೊಂಡು ಕೂತಿದ್ದರು. ವರ್ಷದಿಂದ ಅವರು ಅಷ್ಟು ಹತ್ತಿರ ಕೂತದ್ದಿಲ್ಲ. ಮಹಾನಂದಾ ಕಣ್ಣಿನ ಮರಳು ಒರೆಸಿಕೊಂಡು ಇವಳ ಕಿವಿಯ ಹತ್ತಿರ ಬಂದಳು.

“ಎರಡ ದಿನ ಹೋಗಿ ಬಂದದ್ದಕ್ಕ ಎಷ್ಟ ಸೊಕ್ಕ ನೋಡ, ಕಾಶಕ್ಕಾ.”

ಕಾಶೀಬಾಯಿ ಸೆರಗಿನಿಂದ ಗಾಳಿ ಬೀಸಿಕೊಂಡಳು.

“ಇರಲಿ ಬಿಡವಾ,” ಎಂದಳು. “ಅದು ಸಮುದ್ರ ಆದ್ರೂ ಹತ್ತರದಿಂದ ನೋಡಿ ಬಂದೈತಿ.”