ಹೆಣ್ಣುಮಕ್ಕಳ ಸಹಿ

ದೇವಪ್ಪನ ಕಷ್ಟಕ್ಕೆ ಕಾರಣ ವಕೀಲ ಸೀತಾರಾಮಯ್ಯನವರ ಕೆಮ್ಮು. ತಮ್ಮ ಆಫೀಸಿನಲ್ಲಿ ಕ್ರಯಪತ್ರ ಓದಿ ಮುಗಿಸಿ ಇನ್ನೇನು ‘ಸರಿ ಇದೆ’ ಅನ್ನಬೇಕು, ಅವರಿಗೆ ಕೆಮ್ಮು ಬಂತು. ಕೆಮ್ಮುವವರ ಎದುರು ಸುಮ್ಮನೆ ಕೂರುವುದು ಮರ್ಯಾದೆಯಲ್ಲ ಎಂದು ದೇವಪ್ಪ ಮಾತಿಗೊಂದು ಮಾತು ತೆಗೆದ.

“ಕೃಷ್ಣಪ್ಪನವರ ಅಕ್ಕ ತಂಗಿನೂ ಇದೇ ಮನೇಲೇ ಹುಟ್ಟಿದ್ದಂತೆ.”

ವಕೀಲರ ಕೆಮ್ಮು ನಿಂತಿತು.

“ಎಂತ? ಅಕ್ಕ ತಂಗಿ ಇದ್ದಾರಾ?”

ಮನೆಯ ಮಾಲೀಕ ಕೃಷ್ಣಪ್ಪ ತಲೆಯೆತ್ತಿ ಫ್ಯಾನು ನೋಡಿದ. ಶಿವಮೊಗ್ಗದಲ್ಲಿ ನೌಕರಿ ಮಾಡುವ ಅವನು ಒಂದು ದಿನದ ರಜೆ ಹಾಕಿ ಕೊಪ್ಪಕ್ಕೆ ಬಂದಿದ್ದ. “ಇದ್ದಾರೆ. ಆದ್ರೆ ಮಾತಿಲ್ಲ.”

“ಮಾತಿಲ್ಲದಿದ್ರೂ ಹಕ್ಕಿರ್ತದೆ ಮಾರಾಯ್ರೆ. ಅಪ್ಪ ಕಟ್ಟಿಸಿದ ಮನೆ, ವಿಲ್ಲು ಬರೆದಿಲ್ಲ. ಹೆಣ್ಣುಮಕ್ಕಳಿಗೂ ಪಾಲುಂಟು. ಅವರ ಸಹಿ ಇಲ್ಲದೆ ಈ ಮನೆ ತಗೊಂಡ್ರೆ, ದೇವಪ್ಪ, ನಾಳೆ ಕೋರ್ಟಲ್ಲಿ ಅವರ ಕಡೆ ವಕೀಲನಾಗಿ ನಾನೇ ನಿಂತ್ಕೊಂಡಿರ್ಬಹುದು ನೋಡಿ.”

ದೇವಪ್ಪ ಕೊಪ್ಪ ಪೇಟೆಯಲ್ಲಿ ಪಂಪ್‌ಸೆಟ್ಟಿನ ಸುಟ್ಟ ಮೋಟಾರಿಗೆ ತಂತಿ ಸುತ್ತುವವನು. ಆ ಮನೆಯಲ್ಲಿ ಬಹಳ ವರ್ಷದಿಂದ ಬಾಡಿಗೆಗೆ ಇದ್ದ. ಗೋಡೆಗೆ ಮೊಳೆ ಹೊಡೆಯಬಾರದು ಎಂದು ಮೊದಲ ದಿನವೇ ಕೃಷ್ಣಪ್ಪ ಹೇಳಿದ್ದರಿಂದ ಅವರ ಮನೆಯಲ್ಲಿ ಕ್ಯಾಲೆಂಡರು ನೆಲದ ಮೇಲೆ ಗೋಡೆಗೊರಗಿ ಕೂತಿರುತ್ತಿತ್ತು. ಹೆಂಡತಿ ವಸಂತಮ್ಮ ಹಬ್ಬ ಯಾವಾಗ ಎಂದು ನೋಡಬೇಕಾದರೆ ಮಂಡಿಯೂರಬೇಕು. ‘ಸ್ವಂತ ಮನೆ’ ಎಂದು ಅವಳು ದಿನಕ್ಕೆಷ್ಟು ಸಲ ಹೇಳುತ್ತಿದ್ದಳೆಂದರೆ, ದೇವಪ್ಪನಿಗೆ ಅದು ಮೋಟಾರಿನ ಸದ್ದಿನ ಹಾಗೆ ಕಿವಿಯಲ್ಲೇ ಉಳಿದಿತ್ತು.

“ಇವತ್ತು ಆಗದಿದ್ರೆ ನಾನು ಹಾರ್ಡ್‌ವೇರಿನವರಿಗೇ ಕೊಡೋದು,” ಎಂದ ಕೃಷ್ಣಪ್ಪ. “ಅವರಿಗೆ ಗೋಡೌನಿಗೆ ಜಾಗ ಬೇಕಂತೆ. ಮನೆ ಕೆಡವ್ತಾರೆ. ಸಹಿ ಗಿಹಿ ಎಲ್ಲ ಅವರೇ ನೋಡ್ಕೊಳ್ತಾರಂತೆ.”

ಅಂದರೆ ಇವತ್ತು ಮನೆ ಕೊಳ್ಳದಿದ್ದರೆ ಇರುವ ಬಾಡಿಗೆ ಮನೆಯೂ ಇಲ್ಲ. ದೇವಪ್ಪ ಎದ್ದು ನಿಂತ. ಎದ್ದು ಎಲ್ಲಿಗೆ ಹೋಗಬೇಕೆಂದು ಅವನಿಗೆ ತಿಳಿಯಲಿಲ್ಲ.

ಕಿಟಕಿಯಿಂದ ಒಂದು ತಲೆ ಒಳಗೆ ಬಂತು. ದೇವಪ್ಪನ ಪಕ್ಕದ ಮನೆಯ ಲಿಂಗಪ್ಪ. ಅವನಿಗೆ ಒಂದು ಬಾಡಿಗೆ ಜೀಪು ಇತ್ತು, ಎಲ್ಲರ ವ್ಯವಹಾರದಲ್ಲೂ ಒಂದು ಅಭಿಪ್ರಾಯವಿತ್ತು.

“ತಂಗಿ ಬಸರೀಕಟ್ಟೇಲಿ, ಅಕ್ಕ ಕಿಗ್ಗದಲ್ಲಿ. ನಂಗೊತ್ತು. ಜೀಪು ಹತ್ತು ಮಾರಾಯ. ಮಧ್ಯಾಹ್ನದೊಳಗೆ ಇಬ್ಬರನ್ನೂ ತಂದು ಇಳಿಸುವ.”

“ನಾಲ್ಕು ಗಂಟೆ ಮೇಲೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಪತ್ರ ತಗೊಳ್ಳಲ್ಲ,” ಎಂದರು ವಕೀಲರು. ಆಮೇಲೆ ನೆಮ್ಮದಿಯಿಂದ ಕೆಮ್ಮಿದರು.

ಬಸರೀಕಟ್ಟೆಯಲ್ಲಿ ತಂಗಿ ಸರೋಜಮ್ಮ ಅಂಗಳದಲ್ಲಿ ಮೆಣಸು ಹರವುತ್ತಿದ್ದಳು. ದೇವಪ್ಪ ವಿಷಯ ಹೇಳಿದ. ಅವಳು ಮೆಣಸು ಹರವುವುದನ್ನು ನಿಲ್ಲಿಸಲಿಲ್ಲ.

“ಅಣ್ಣಂಗೆ ತಂಗಿ ನೆನಪಾಯ್ತಾ? ಸಹಿ ಬೇಕಾದಾಗ?”

“ಹಾಗಲ್ಲ ಸರೋಜಕ್ಕ...”

“ಹೇಗಲ್ಲ? ಅಮ್ಮ ಹೋದ ಮೇಲೆ ಆ ಮನೇಲಿ ನಂಗೆ ಒಂದು ಹಿಡಿ ಮಡಿಲಕ್ಕಿ ಹಾಕಿದವರಿಲ್ಲ. ಅಮ್ಮಂದು ಅಂತ ಒಂದು ತಾಮ್ರದ ಹಂಡೆ ಇತ್ತು, ಅದನ್ನೂ ಅಕ್ಕ ಹೊತ್ಕೊಂಡು ಹೋದ್ಲು. ನಂಗೆ ಉಳಿದಿದ್ದು ಸಹಿ ಒಂದೇ. ಅದನ್ನೂ ಕೊಡ್ಬೇಕಾ?”

ದೇವಪ್ಪನಿಗೆ ಬೆನ್ನು ಬೆಚ್ಚಗಾಯಿತು. ಅವನ ಬಚ್ಚಲಲ್ಲಿ, ಒಲೆಗೆ ಸೇರಿಸಿ ಗಾರೆ ಹಾಕಿ ಕೂರಿಸಿದ ಒಂದು ಹಂಡೆಯಿತ್ತು. ಬೆಳಗ್ಗೆ ಅದೇ ನೀರಲ್ಲಿ ಸ್ನಾನ ಮಾಡಿ ಬಂದಿದ್ದ. ಹೊಗೆ ಹಿಡಿದು ಕಪ್ಪಾಗಿದ್ದ ಅದು ತಾಮ್ರದ್ದೋ ಕಬ್ಬಿಣದ್ದೋ ಎಂದು ಅವನು ಕೆರೆದು ನೋಡಿರಲಿಲ್ಲ.

ಜೀಪಿನಿಂದ ಲಿಂಗಪ್ಪ ಕೂಗಿದ. “ಅಮ್ಮಾ, ಮಡಿಲು ತುಂಬಿಸಿದ್ರೆ ಬರ್ತೀರಾ?”

ಸರೋಜಮ್ಮನ ಕೈ ನಿಂತಿತು. “ಯಾರು ತುಂಬ್ತಾರೆ?”

“ಇವನ ಹೆಂಡ್ತಿ. ಅದೇ ಮನೇಲಿ. ತೆಂಗಿನಕಾಯಿ, ರವಿಕೆ ಕಣ, ಬಳೆ, ಎಲ್ಲ ಕ್ರಮದ ಪ್ರಕಾರ. ಆಮೇಲೆ ಸಹಿ.”

ಸರೋಜಮ್ಮ ಸೀರೆ ಬದಲಿಸಲು ಒಳಗೆ ಹೋದಳು. ದೇವಪ್ಪ ಲಿಂಗಪ್ಪನ ಕೈ ಹಿಡಿದುಕೊಂಡ. “ನಿಂಗೆ ಇಷ್ಟು ಬುದ್ಧಿ ಇದೆ ಅಂತ ನಂಗೊತ್ತಿರ್ಲಿಲ್ಲ ಮಾರಾಯ.”

“ಜೀಪು ಓಡಿಸುವವ ಎಲ್ಲರ ಮನೆಯ ಕತೇನೂ ಕೇಳಿರ್ತಾನೆ,” ಎಂದ ಲಿಂಗಪ್ಪ.

ಶೃಂಗೇರಿಯಲ್ಲಿ ಎಸ್‌ಟಿಡಿ ಬೂತಿನಿಂದ ದೇವಪ್ಪ ಪಕ್ಕದ ಮನೆಗೆ ಫೋನು ಮಾಡಿ ವಸಂತಮ್ಮನನ್ನು ಕರೆಸಿದ. ಮಡಿಲು ತುಂಬಬೇಕು, ಇಬ್ಬರಿಗೆ, ಈಗಲೇ, ಎಂದ.

“ಯಾರಿಗೆ?”

“ಮನೆಯ ಹೆಣ್ಣುಮಕ್ಕಳಿಗೆ.”

“ನಮಗೆ ಹೆಣ್ಣುಮಕ್ಕಳೇ ಇಲ್ವಲ್ಲ ಇವ್ರೇ! ಬಿಸಿಲಿಗೆ ಎಂತಾದ್ರೂ ಆಯ್ತಾ ನಿಮಗೆ?”

ಅವಳಿಗೆ ವಿವರಿಸಿ ಹೇಳುವಷ್ಟರಲ್ಲಿ ಬೂತಿನ ಎದುರು ನಾಲ್ಕು ಜನ ಯಾತ್ರಿಕರು ಸಾಲು ನಿಂತಿದ್ದರು, ಅವರಿಗೆಲ್ಲ ಮನೆಯ ಸಂಗತಿ ತಿಳಿದಿತ್ತು. ಒಬ್ಬರು ‘ಒಳ್ಳೇದಾಗ್ಲಿ’ ಎಂದು ಹರಸಿದರು.

ಕಿಗ್ಗದ ಅಕ್ಕ ನಾಗವೇಣಮ್ಮನೂ ಸರೋಜಮ್ಮ ಹೇಳಿದ್ದನ್ನೇ ಹೇಳಿದಳು. ಅದೇ ಮಡಿಲಕ್ಕಿಯ ದೂರು; ಅಣ್ಣ ಅನ್ನುವ ಜಾಗದಲ್ಲಿ ತಮ್ಮ, ಹಂಡೆ ಹೊತ್ತವಳು ತಂಗಿ, ಇಷ್ಟೇ ವ್ಯತ್ಯಾಸ. ಮಡಿಲು ತುಂಬುತ್ತಾರೆ ಎಂದಾಗ ಅವಳೂ ಹೊರಟಳು. ಅಂಗಳದ ತುದಿಗೆ ಬಂದು ಜೀಪಿನೊಳಗೆ ನೋಡಿದಳು.

“ಅವಳು ಮುಂದೆ ಕೂತಿದ್ದಾಳಾ? ಹಾಗಾದ್ರೆ ನಾನು ಹಿಂದೆ ಕೂರೋದು.”

ಕೊಪ್ಪ ತಲುಪುವವರೆಗೂ ಅವರಿಬ್ಬರೂ ದೇವಪ್ಪನ ಮೂಲಕವೇ ಮಾತಾಡಿದರು. ದೇವಪ್ಪ ಮಧ್ಯದಲ್ಲಿ ಟಪಾಲು ಡಬ್ಬಿಯ ಹಾಗೆ ಬಾಯಿ ತೆರೆದು ಕೂತಿದ್ದ.

“ದೇವಪ್ಪಣ್ಣ, ಹಿಂದೆ ಕೂತವರನ್ನ ಕೇಳಿ, ಹಂಡೇಲಿ ನೀರು ಚೆನ್ನಾಗಿ ಕಾಯ್ತದಾ ಅಂತ.”

“ಮುಂದೆ ಕೂತವರಿಗೆ ಹೇಳಿ, ಕದ್ದವರಿಗೇ ಗೊತ್ತಿರ್ತದೆ ಅಂತ.”

“ಅವರು... ಚೆನ್ನಾಗಿದ್ದೀರಾ ಅಂತ ಕೇಳ್ತಾ ಇದ್ದಾರೆ,” ಎಂದ ದೇವಪ್ಪ, ಎರಡು ಕಡೆಗೂ. ಲಿಂಗಪ್ಪ ಕನ್ನಡಿಯಲ್ಲಿ ನೋಡಿ ನಗುತ್ತಾ ಎರಡು ಹೊಂಡಗಳನ್ನು ತಪ್ಪಿಸದೆ ಬಿಟ್ಟ.

ಮನೆಯ ಬಾಗಿಲಲ್ಲಿ ವಸಂತಮ್ಮ ರಂಗೋಲಿ ಹಾಕಿದ್ದಳು. ಕೃಷ್ಣಪ್ಪ ಜಗಲಿಯ ಮೂಲೆಯಲ್ಲಿ ತಾನೇ ನೆಂಟ ಎನ್ನುವ ಹಾಗೆ ಕೂತಿದ್ದ. ಅಕ್ಕ ತಂಗಿ ಅವನನ್ನು ನೋಡದೆ ಕಾಲು ತೊಳೆಯಲು ಸೀದಾ ಬಚ್ಚಲಿಗೆ ಹೋದರು. ಹುಟ್ಟಿದ ಮನೆಯಲ್ಲವೆ, ದಾರಿ ಕೇಳಬೇಕಾಗಿರಲಿಲ್ಲ. ದೇವಪ್ಪ ತಡೆಯಲು ಓಡಿದ. ತಡವಾಗಿತ್ತು.

ಬಚ್ಚಲಿಂದ ಮೊದಲು ಕಾಲಿಗೆ ನೀರು ಸುರಿಯುವ ಸದ್ದು ಬಂತು. ಆಮೇಲೆ ಯಾರೋ ಉಗುರಿನಿಂದ ಮಸಿ ಕೆರೆಯುವ ಸದ್ದು. ಆಮೇಲೆ ನಾಗವೇಣಮ್ಮನ ದನಿ.

“ಸರೋಜಾ! ಇದು ಅಮ್ಮನ ಹಂಡೆ ಅಲ್ದಾ?”

“ಹೌದಲ್ಲೇ ಅಕ್ಕ! ಕಂಠದ ಹತ್ರ ನೋಡು, ನಾನು ಬೀಳಿಸಿ ನಗ್ಗಿದ್ದು!”

“ಮತ್ತೆ ನೀನು ತಗೊಂಡು ಹೋದೆ ಅಂತ...”

“ನೀನು ಅಂತ ನಾನು...”

ಇಬ್ಬರೂ ಹೊರಗೆ ಬಂದು ತಮ್ಮನನ್ನು, ಅಣ್ಣನನ್ನು ಒಟ್ಟಿಗೆ ನೋಡಿದರು. ನೋಡಬೇಕಾದವನು ಒಬ್ಬನೇ ಆದ್ದರಿಂದ ಕೃಷ್ಣಪ್ಪ ಎರಡು ಪಾಲು ಕುಗ್ಗಿದ.

“ಒಲೆಗೆ ಗಾರೆ ಹಾಕ್ಸಿದ್ದೆ. ಯಾರೂ ಕೇಳ್ಲೇ ಇಲ್ಲ,” ಎಂದ.

ಅಕ್ಕ ತಂಗಿ ತಬ್ಬಿಕೊಂಡು ಅತ್ತರು, ಮಧ್ಯೆ ಮಧ್ಯೆ ಕೃಷ್ಣಪ್ಪನನ್ನು ಬೈದರು. ದೇವಪ್ಪ ಗಡಿಯಾರ ನೋಡಿ ಹೆಂಡತಿಗೆ ಕಣ್ಸನ್ನೆ ಮಾಡಿದ. ವಸಂತಮ್ಮ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿದಳು. ಅರಿಶಿನ ಕುಂಕುಮ ಕೊಟ್ಟಳು, ಬಳೆ ತೊಡಿಸಿದಳು. ಸೆರಗು ಒಡ್ಡಿಸಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ ಎಲ್ಲ ಹಾಕಿದಳು. ಬೇಗ ಮುಗಿಸು ಎಂದು ಗಂಡ ಹೇಳಿದ್ದರೂ ಅವಳಿಗೆ ಅರ್ಧಂಬರ್ಧ ಮಾಡಿ ಅಭ್ಯಾಸವಿಲ್ಲ. ಕೊನೆಗೆ ತನ್ನ ಕಣ್ಣನ್ನೂ ಒರೆಸಿಕೊಂಡಳು.

“ಈಗ ಆಫೀಸಿಗೆ ಹೊರಡುವ,” ಎಂದ ದೇವಪ್ಪ. “ಅಕ್ಕಿ ಗಿಕ್ಕಿ ಇಲ್ಲೇ ಇಟ್ಟು ಬನ್ನಿ.”

ಮೂವರು ಹೆಂಗಸರೂ ಅವನನ್ನು ನೋಡಿದ ರೀತಿಗೆ ಅವನು ಒಂದು ಹೆಜ್ಜೆ ಹಿಂದೆ ಸರಿದ.

“ತವರಿನ ಮಡಿಲಕ್ಕೀನ ದಾರೀಲಿ ಇಳಿಸ್ತಾರಾ?” ಎಂದಳು ನಾಗವೇಣಮ್ಮ. “ನಮ್ಮಮ್ಮ ಹೇಳಿಕೊಟ್ಟ ಕ್ರಮ ಅದಲ್ಲ. ಗಂಡನ ಮನೆ ದೇವರ ಎದುರೇ ಇಳಿಸೋದು.”

ಹೀಗಾಗಿ ಅಕ್ಕ ತಂಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದಾಗ ಇಬ್ಬರ ಎರಡು ಕೈಗಳೂ ತುಂಬಿದ ಸೆರಗನ್ನು ಹಿಡಿದಿದ್ದವು. ಜೀಪಿನಿಂದ ಅವರನ್ನು ಇಳಿಸಲು ಲಿಂಗಪ್ಪ ಸ್ಟೂಲು ತರಬೇಕಾಯಿತು. ವಕೀಲರು ಪತ್ರ ಹಿಡಿದುಕೊಂಡು ಕಾಯುತ್ತಿದ್ದರು.

“ಎಂತದ್ರೀ ಇದು? ಹೆಬ್ಬೆಟ್ಟು ಯಾವ ಕೈಯಲ್ಲಿ ಒತ್ತೋದು?”

“ನಾನು ಹಿಡ್ಕೊಳ್ತೇನೆ,” ಎಂದು ದೇವಪ್ಪ ಮುಂದೆ ಬಂದ.

“ಗಂಡಸರು ಮುಟ್ಟೋ ಹಾಗಿಲ್ಲ!”

ಗುಮಾಸ್ತರು, ಪತ್ರ ಬರೆಯುವವರು, ಬೇರೆ ಜಾಗ ಮಾರಲು ಬಂದವರು ಎಲ್ಲ ಸುತ್ತ ನಿಂತು ಸಲಹೆ ಕೊಟ್ಟರು. ಒಬ್ಬ, ಅಕ್ಕಿಯನ್ನು ಕ್ರಯಪತ್ರದಲ್ಲೇ ಸೇರಿಸಿ ಎಂದ. ಕೊನೆಗೆ, ಜೊತೆಗೆ ಬಂದಿದ್ದ ವಸಂತಮ್ಮ ಮುಂದೆ ಬಂದು ಸರೋಜಮ್ಮನ ಸೆರಗಿನ ತುದಿ ಹಿಡಿದಳು. ಮೊದಲು ಅವಳ ಫೋಟೋ, ಹೆಬ್ಬೆಟ್ಟು, ಸಹಿ ಆಗಬೇಕು. ಆಮೇಲೆ ಅಕ್ಕನದು. ಗಡಿಯಾರದಲ್ಲಿ ಇನ್ನೂ ಸಮಯವಿತ್ತು. ದೇವಪ್ಪ ಆ ದಿನ ಮೊದಲ ಸಲ ಉಸಿರು ಬಿಟ್ಟ.

ಸಬ್ ರಿಜಿಸ್ಟ್ರಾರ್ ಸಣ್ಣ ಪ್ರಾಯದ ಹೆಂಗಸು. ಸರೋಜಮ್ಮನ ತುಂಬಿದ ಮಡಿಲು ನೋಡಿ ಅವರ ಮುಖವೇ ಮೆತ್ತಗಾಯಿತು.

“ತವರಿಂದ ಸೀದಾ ಬಂದ್ರಾ ಅಮ್ಮ? ತವರು ಯಾವೂರು?”

“ಇದೇ ಕೊಪ್ಪ ಮೇಡಂ,” ಎಂದಳು ಸರೋಜಮ್ಮ ಖುಷಿಯಿಂದ. “ಈಗ ಮಾರ್ತಾ ಇದ್ದೇವಲ್ಲ, ಅದೇ ಮನೆ.”

ಹೇಳಿದ ಮಾತು ಅವಳ ಕಿವಿಗೇ ಬಿತ್ತು. ಪೆನ್ನಿಗೆ ಚಾಚಿದ ಕೈ ಹಿಂದೆ ಬಂತು.

“ಅಕ್ಕ.”

“ಕೇಳ್ತು,” ಎಂದಳು ನಾಗವೇಣಮ್ಮ.

“ನಾನು ಹಾಕಲ್ಲ.”

“ನಾನೂ ಹಾಕಲ್ಲ.”

“ಅಯ್ಯೋ, ಒಪ್ಕೊಂಡೇ ಬಂದ್ರಲ್ಲ ಅಕ್ಕ!” ದೇವಪ್ಪನ ದನಿ ಸುಟ್ಟ ಮೋಟಾರಿನ ಹಾಗೆ ಕೀರಲಾಯಿತು.

“ಆಗ ಅದು ಬರೀ ಅಪ್ಪನ ಮನೆ ಆಗಿತ್ತು ದೇವಪ್ಪಣ್ಣ. ಈಗ ತವರಾಗಿದೆ. ಮಾಡಿದ್ದು ನಿಮ್ಮ ವಸಂತಮ್ಮನೇ,” ಎಂದಳು ನಾಗವೇಣಮ್ಮ.

ದೇವಪ್ಪ ಹೆಂಡತಿಯ ಕಡೆ ನೋಡಿದ. ಅವಳ ಒಂದು ಕೈ ಸರೋಜಮ್ಮನ ಸೆರಗು ಹಿಡಿದಿತ್ತು, ಇನ್ನೊಂದು ಕೈ ತನ್ನ ಸೆರಗಿನಿಂದ ಮೂಗು ಒರೆಸುತ್ತಿತ್ತು.

“ನಾನಾದ್ರೂ ಹಾಕ್ತಿರ್ಲಿಲ್ಲ ಇವ್ರೇ,” ಎಂದಳು.

ಎಲ್ಲರೂ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತರು. ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡು, ಹಾಗಾದರೆ ಹಾರ್ಡ್‌ವೇರಿನವರಿಗೆ ಎಂದು ಶುರು ಮಾಡಿದ. ಅಕ್ಕ ತಂಗಿ ಅವನನ್ನು ಹಂಡೆ ನೋಡಿದ ಮೇಲೆ ನೋಡಿದ ಹಾಗೆಯೇ ನೋಡಿದರು. ಅವನು ಮಾತು ಬದಲಿಸಿ, “ಯಾರಿಗೂ ಇಲ್ಲ. ಆದ್ರೆ ಮನೆ ಖಾಲಿ ಮಾಡ್ಸಿ ನಾನೇ ಬಂದಿರ್ತೇನೆ,” ಎಂದ.

“ನೀನು ಬಂದ್ರೆ ಮಡಿಲು ತುಂಬೋರು ಯಾರು? ನಿನ್ನ ಹೆಂಡ್ತಿಗೆ ನಮ್ಮ ಹೆಸರು ನೆನಪಿದ್ಯಾ?” ಎಂದಳು ನಾಗವೇಣಮ್ಮ. “ಇವರೇ ಇರ್ಲಿ. ಈ ಅತ್ತಿಗೆಯೇ ಬೇಕು ನಮಗೆ.”

ವಕೀಲರಿಗೆ ಬಂದ ಕಕ್ಷಿದಾರರನ್ನು ಬರಿಗೈಯಲ್ಲಿ ಕಳಿಸಿ ಅಭ್ಯಾಸವಿರಲಿಲ್ಲ. “ಹಾಗಾದ್ರೆ ಒಂದು ಬಾಡಿಗೆ ಕರಾರು ಬರೆಯುವ. ನಿಮ್ಮ ಷರತ್ತು ಹೇಳಿ,” ಎಂದು ತಮ್ಮ ಆಫೀಸಿಗೆ ಕರೆದುಕೊಂಡು ಹೋದರು. ಅಕ್ಕ ತಂಗಿ ಹೇಳಿದರು, ಅವರು ಬರೆದರು. ವರ್ಷ ವರ್ಷ ಗೌರಿ ಹಬ್ಬಕ್ಕೆ ಬಾಡಿಗೆದಾರನ ಹೆಂಡತಿ ಮನೆಯ ಹೆಣ್ಣುಮಕ್ಕಳಿಗೆ ಮಡಿಲು ತುಂಬತಕ್ಕದ್ದು. ಅವರು ಬಂದಾಗ ಹಿಂದಿನ ಕೋಣೆ ಬಿಟ್ಟುಕೊಡತಕ್ಕದ್ದು. ಹಂಡೆಯನ್ನು ತಿಕ್ಕಿ ಬೆಳಗಿ ಇಡತಕ್ಕದ್ದು.

ಸಹಿ ಹಾಕಲು ಈಗ ಯಾವ ತೊಡಕೂ ಇರಲಿಲ್ಲ. ವಸಂತಮ್ಮ ಒಬ್ಬೊಬ್ಬರ ಸೆರಗನ್ನೇ ಹಿಡಿದುಕೊಂಡಳು, ಒಬ್ಬೊಬ್ಬರೇ ದುಂಡಗೆ ಬರೆದರು.

“ಹೆಬ್ಬೆಟ್ಟೂ ಬೇಕಾ?” ಎಂದು ಸರೋಜಮ್ಮ ಉತ್ಸಾಹದಿಂದ ಕೇಳಿದಳು.

ದೇವಪ್ಪ ತನ್ನ ಸಹಿ ಹಾಕುವ ಮುಂಚೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಇದೆಂತ ಬರ್ದಿದ್ದೀರಿ ಸ್ವಾಮಿ?”

ವಕೀಲರು ಕನ್ನಡಕ ಏರಿಸಿ ಓದಿದರು.

“ಬಾಡಿಗೆದಾರನು ಮೇಲ್ಕಂಡ ಹೆಣ್ಣುಮಕ್ಕಳಿಬ್ಬರ ಸಹಿ ಪಡೆಯದೆ ಸದರಿ ಮನೆಯನ್ನು ಖಾಲಿ ಮಾಡಕೂಡದು.”