ಪೈಲ್ವಾನರ ಬಸ್ಕಿ

ನಮ್ಮ ಬೀದಿಯಲ್ಲಿ ಯಾರಾದರೂ ಹಗಲಲ್ಲಿ ಬಾಗಿಲು ಹಾಕಿಕೊಂಡರೆ ಒಳಗೆ ಏನಾದರೂ ಇದ್ದೇ ಇರುತ್ತೆ. ಇಲ್ಲದಿದ್ದರೆ ನಾವೇ ಇಟ್ಟುಬಿಡ್ತೀವಿ. ನಾನು ಮೂರನೇ ಕ್ಲಾಸಿಗೇ ಓದು ಬಿಟ್ಟವಳು. ಪುಸ್ತಕಕ್ಕಿಂತ, ಜಗಲಿ ಮೇಲೆ ಕಾಲು ನೀಡಿಕೊಂಡು ಬೀದಿ ಓದಿದ್ದೇ ಹೆಚ್ಚು. ಕಾಲು ನೀಡುವುದು ಸೊಕ್ಕಿಗಲ್ಲ, ಮಂಡಿನೋವಿಗೆ.

೧. ಮಣೆ

ಶಿವಮೊಗ್ಗದಲ್ಲಿ ನಮ್ಮ ಎದುರು ಮನೆಯವರು ಪೈಲ್ವಾನರು. ಪ್ರಾಯದಲ್ಲಿ ಗರಡಿಯ ಗುಂಡುಕಲ್ಲನ್ನು ಹೆಗಲಿಗೇರಿಸಿ ನಡೆದವರು. ಐವತ್ತು ದಾಟಿದ್ದೇ ಕೀಲುವಾತ ಹಿಡಿಯಿತು, ಮಂಡಿ ಎರಡೂ ಊದಿಕೊಂಡವು. ಇರುವವಳು ಒಬ್ಬಳೇ ಮಗಳು. ಅವಳಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ ಗೊತ್ತಾದ. ನಿಶ್ಚಿತಾರ್ಥದ ದಿನ ಪೈಲ್ವಾನರು ಮಣೆ ಮೇಲೆ ಕೂತರು. ಕೂತದ್ದೇನೋ ಸರಿ, ಏಳೋಕಾಗಲಿಲ್ಲ. ನಾಲ್ಕು ಜನ ಕಂಕುಳಿಗೆ ಕೈ ಕೊಟ್ಟು ಎತ್ತಿದರು.

ಆಯನೂರಿಂದ ಬಂದಿದ್ದ ಅವರಣ್ಣ ಎಲ್ಲರೆದುರೇ ಹೇಳಿದ: "ಮದುವೆ ದಿನ ಅಳಿಯನ ಕಾಲು ತೊಳೆದು, ಎದ್ದು ನಿಂತು ಧಾರೆ ಎರೀಬೇಕಲ್ಲೋ ತಮ್ಮಾ. ನಿನ್ನ ಕೈಲಾಗಲ್ಲ. ಆ ಮಣೆ ಮೇಲೆ ನಾನೇ ಕೂರ್ತೀನಿ ಬಿಡು."

ಪೈಲ್ವಾನರ ಮುಖ ನನ್ನ ಕೈಲಿ ನೋಡೋಕಾಗಲಿಲ್ಲ. ಆದರೂ ನೋಡಿದೆ.

೨. ಉಸ್ತಾದರ ಮದ್ದು

ಪಂಡಿತರು ಎಣ್ಣೆ ಹಚ್ಚಿಕೊಂಡು ಮಲಗಿ ಅಂದಿದ್ದರು. ಒಂದು ವರ್ಷ ಮಲಗಿ ತೊಡೆ ಬತ್ತಿಹೋಗಿತ್ತು. ಗರಡಿಯ ಮುದಿ ಉಸ್ತಾದರು ಬೇರೆ ದಾರಿ ತೋರಿಸಿದರು. ಮೊದಲು ಅಕ್ಕಿ ಮೂಟೆ ಮೇಲೆ ಕೂತು ಏಳಬೇಕು. ಅದು ಸಲೀಸಾದ ಮೇಲೆ ಒರಳಿನ ಮೇಲೆ. ಕೊನೆಗೆ ಮಣೆ. "ಮಂಡಿ ಊದಿದ ದಿನ ಬಿಡು, ಇಳಿದ ದಿನ ಹಿಡಿ. ದಿನಕ್ಕೆ ಐದು ಸಾಕು ಮಾರಾಯ" ಅಂದರಂತೆ.

ಒಂದು ಕಾಲಕ್ಕೆ ಐನೂರು ಬಸ್ಕಿ ಹೊಡೆದವರಿಗೆ ಐದಕ್ಕಾಗಿ ಗರಡಿಗೆ ಹೋಗಲು ನಾಚಿಕೆ. ಹಾಗಾಗಿ ನಡುಮನೆಯಲ್ಲೇ, ಗಣಪತಿ ಗೂಡಿನ ಎದುರಿನ ಕಂಬ ಹಿಡಿದು, ಬಾಗಿಲು ಹಾಕಿಕೊಂಡು ಶುರು ಮಾಡಿದರು.

ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಮೊದಲೇ ತಿಳಿದಿದ್ದರೆ ಹೇಳೋಕೆ ಏನಿರುತ್ತಿತ್ತು?

೩. ಕಿಟಕಿ

ಒಂದು ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳೋಕೆ ಹೋದೆ. ಬಾಗಿಲು ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ, ಪೈಲ್ವಾನರು ಗಣಪತಿ ಎದುರು ಬಗ್ಗಿ ಬಗ್ಗಿ ಏಳುತ್ತಿದ್ದಾರೆ. ಕಣ್ಣಲ್ಲಿ ನೀರು. ಮೂಲೆಯಲ್ಲಿ ಹೆಂಡತಿ ಮೆಲ್ಲಗೆ ಎಣಿಸುತ್ತಿದ್ದಾಳೆ. ನನಗೆ ಕಂಡದ್ದು ಸೊಂಟದಿಂದ ಮೇಲೆ. ಕೆಳಗಿನ ಮೂಟೆ ಕಾಣಲಿಲ್ಲ. ಒಂದು ಕೈ ಕಂಬದ ಮೇಲಿತ್ತು. ಇನ್ನೊಂದು ಕಿವಿ ಹಿಡಿದಿತ್ತೋ ಇಲ್ಲವೋ ಗೊತ್ತಿಲ್ಲ, ಹಿಡಿದಿತ್ತು ಅಂತಲೇ ಹೇಳಿದೆ.

ಗಂಡಸು ಗಣಪತಿ ಮುಂದೆ ಅಳುತ್ತಾ ಬಸ್ಕಿ ಹೊಡೆಯುವುದು ತಪ್ಪು ಮಾಡಿದಾಗ ತಾನೇ? ನಾನು ಬಾವಿಕಟ್ಟೆಯಲ್ಲಿ "ಪಾಪ, ಆ ಮನೇಲಿ ಏನೋ ಆಗಿದೆ" ಅಂದೆ, ಅಷ್ಟೇ. ಮಧ್ಯಾಹ್ನಕ್ಕೆ ಪೈಲ್ವಾನರಿಗೆ ಇನ್ನೊಬ್ಬಳು ಇದ್ದಾಳೆ ಅಂತಾಯಿತು. ಸಂಜೆಗೆ ಅವಳ ಊರು ಸೋಗಾನೆ ಅಂತಾಯಿತು. ಶುಕ್ರವಾರದ ಹೊತ್ತಿಗೆ ಎರಡು ಮಕ್ಕಳು.

ಅದರಲ್ಲಿ ಒಂದು ಮಗು ನಾನು ಸೇರಿಸಿದ್ದು ನಿಜ. ಇನ್ನೊಂದು ಯಾರದೋ ನನಗೆ ಗೊತ್ತಿಲ್ಲ.

೪. ಬೀಗಿತ್ತಿ

ಸುದ್ದಿ ಭದ್ರಾವತಿ ಮುಟ್ಟಿತು. ಹುಡುಗನ ತಾಯಿ ಬಂದವಳು ಮೊದಲು ನನ್ನ ಜಗಲಿಯಲ್ಲೇ ಕೂತಳು. ಸಂಬಂಧ ಬೇಡ ಅಂತ ಹೇಳಿಹೋಗೋಕೆ ಬಂದಿದ್ದೀನಿ ಅಂದಳು. ಎದುರು ಬಾಗಿಲಲ್ಲಿ ಹುಡುಗಿ ನಿಂತಿದ್ದಳು, ಕೇಳಿಸಿಕೊಂಡಳು. ಅಳಲಿಲ್ಲ. ನನ್ನನ್ನೇ ನೋಡಿದಳು. ಬೀಗಿತ್ತಿಯ ಕೈ ಹಿಡಿದು ಎದುರು ಮನೆಗೆ ಕರೆದುಕೊಂಡು ಹೋದೆ, ನಾನು ಕಂಡದ್ದು ಬಸ್ಕಿ ಮಾತ್ರ ಅಂತ ಒಪ್ಪಿಕೊಂಡೆ.

ಪೈಲ್ವಾನರು ಕೂಗಾಡಲಿಲ್ಲ. ಹೆಂಡತಿಗೆ ಮಣೆ ಹಾಕು ಅಂದರು. ಕೂತರು. ಹಲ್ಲು ಕಚ್ಚಿ, ಕಂಬ ಹಿಡಿಯದೆ, ನಿಧಾನವಾಗಿ ಎದ್ದು ನಿಂತರು. ಮಂಡಿ ಲಟಕ್ಕೆಂದದ್ದು ಎಲ್ಲರಿಗೂ ಕೇಳಿಸಿತು.

ಬೀಗಿತ್ತಿಗೆ ಹೇಳಿದರು: "ನಾನು ಕದ್ದು ಮಾಡಿದ್ದು ಇಷ್ಟೇ ಅಕ್ಕ. ಮಗಳ ಧಾರೆ ನನ್ನ ಕೈಯಿಂದ ಆಗಬೇಕು."

ಬೀಗಿತ್ತಿ ಸೆರಗಲ್ಲಿ ಕಣ್ಣೊರೆಸಿಕೊಂಡು, ಹಾಗಾದರೆ ಆ ಎರಡು ಮಕ್ಕಳ ಮಾತು ಹುಟ್ಟಿಸಿದವರು ಯಾರು ಅಂದಳು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗಣಪತಿ ಕಡೆ ನೋಡಿದೆ.

೫. ಉಳಿದ ಐದು

ಮದುವೆಯಲ್ಲಿ ಪೈಲ್ವಾನರು ಕೂತು ಅಳಿಯನ ಕಾಲು ತೊಳೆದರು, ತಾವೇ ಎದ್ದು ಧಾರೆ ಎರೆದರು. ಆಯನೂರಿನ ಅಣ್ಣ ಪಕ್ಕದಲ್ಲಿ ಟವೆಲು ಹಿಡಿದು ನಿಂತಿದ್ದ. ಅವತ್ತು ಏಳೋಕಾಗದೆ ಕೂತವಳು ನಾನೊಬ್ಬಳೇ. ಊಟದ ಪಂಕ್ತಿ ಎಲ್ಲ ಎದ್ದು ಹೋದರೂ ಎಂಜಲೆಲೆ ಮುಂದೆ ಹಾಗೇ ಇದ್ದೆ. ಪೈಲ್ವಾನರೇ ಬಂದು ಕೈ ಕೊಟ್ಟು ಎಬ್ಬಿಸಿದರು. "ಅತ್ತಿಗೆ, ನಾಳೆಯಿಂದ ಅಕ್ಕಿ ಮೂಟೆಯಿಂದ ಶುರು ಮಾಡಿ" ಅಂದರು.

ಈಗ ಮಣೆವರೆಗೆ ಇಳಿದಿದ್ದೀನಿ. ದಿನಾ ಬೆಳಿಗ್ಗೆ ಗಣಪತಿ ಮುಂದೆ ಹತ್ತು. ಪಕ್ಕದ ಮನೆಯ ಹೊಸ ಸೊಸೆ ಮೊನ್ನೆ ಕಿಟಕಿಯಲ್ಲಿ ಇಣುಕಿ, ಏನು ತಪ್ಪು ಮಾಡಿದ್ರಿ ಅಜ್ಜಿ ಅಂದಳು. ಐದು ಮಂಡಿಗೆ ಕಣಮ್ಮ ಅಂದೆ. ಉಳಿದ ಐದು ಯಾವುದಕ್ಕೆ ಅಂತ ಹೇಳಲಿಲ್ಲ.