ಪುಸ್ತಕದ ಗಿಡ್ಡ, ಪರದೆಯ ಉದ್ದ

ಆಗ ನನಗೆ ಅರವತ್ತೆಂಟು. ಅದಾಗಿ ಹತ್ತು ವರ್ಷವಾಯಿತು. ಅಷ್ಟು ವಯಸ್ಸಾದ ಹೆಂಗಸು ಗಂಡಸರ ಗುಣ ಮಾತ್ರ ನೋಡುತ್ತಾಳೆ, ರೂಪದ ಗೊಡವೆ ಅವಳಿಗಿರುವುದಿಲ್ಲ ಎಂದು ಜನ ನಂಬುತ್ತಾರೆ. ನಾನೂ ನಂಬಿದ್ದೆ.

ನಿಪ್ಪಾಣಿಯ ನಮ್ಮ ಪಡಸಾಲೆಯಲ್ಲಿ ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ಸೇರಿ, ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆವು. ನನಗೆ ಆಗ ಓದಲು ಬರುತ್ತಿದ್ದುದು ಬಸ್ಸಿನ ಬೋರ್ಡು, ಅದೂ ಬಸ್ಸು ನಿಂತಿದ್ದರೆ. ಹಾಗಾಗಿ ಮೊಮ್ಮಗಳು ಸವಿತಾ ಕಾದಂಬರಿ ಓದಬೇಕು, ಅವಳ ಪಾಲಿನ ಬೀಡಿಯನ್ನು ಕೇಳುವವರು ಕಟ್ಟಿಕೊಡಬೇಕು. ಇದು ನಮ್ಮ ಕರಾರು.

ಆ ವರ್ಷ ಓದಿದ್ದು ಮಂತ್ರಖಡ್ಗದ ವೀರನೊಬ್ಬನ ಕತೆ. ವೀರನೆಂಬುದು ಹೆಸರಿಗೆ. ಗಿಡ್ಡ, ಮುಂದಲೆ ಬೋಳು, ಕತ್ತಲೆಂದರೆ ಅಂಜಿಕೆ. ಖಡ್ಗ ಎತ್ತಲಾಗದೆ ಎಳೆದುಕೊಂಡು ಹೋಗುತ್ತಾನೆ. ರಾಕ್ಷಸನ ಗವಿಯ ಮುಂದೆ ನಡುಗುತ್ತ ಕೂತು, ಅವನ ಹಲ್ಲುನೋವಿನ ಗೋಳೆಲ್ಲ ಕೇಳಿ, ಮದ್ದು ಕೊಟ್ಟು ರಾಜಕುಮಾರಿಯನ್ನು ಬಿಡಿಸಿಕೊಂಡು ಬರುತ್ತಾನೆ. ನಾವೆಲ್ಲ ಕಣ್ಣು ಮೂಗು ಒರೆಸಿಕೊಂಡೆವು. ತಂಬಾಕಿನ ಘಾಟೂ ಇತ್ತೆನ್ನಿ.

ಅದೇ ಹೊತ್ತಿಗೆ ಸದಲಗಾದಿಂದ ಸವಿತಾಳಿಗೆ ವರ ಬಂದ. ಹೆಸರು ಮಹಾದೇವ, ಹಾಲಿನ ಡೇರಿಯಲ್ಲಿ ನೌಕರಿ. ಒಳ್ಳೆಯವನೇ, ಆದರೆ ಗಿಡ್ಡ, ಮುಂದಲೆ ಬೋಳು. ಇವಳು ಮುಖ ತಿರುವಿದಳು.

"ಅಲ್ಲಬೇ, ಪುಸ್ತಕದಾಗಿನ ಗಿಡ್ಡಗ ಕಣ್ಣೀರ ಹಾಕ್ತಿ, ಎದುರಿಗೆ ಬಂದು ನಿಂತ್ರ ಬ್ಯಾಡ ಅಂತಿ?" ಎಂದೆ.

ಕೆಲವು ದಿನ ಮುಖ ಊದಿಸಿಕೊಂಡಿದ್ದು, ಕೊನೆಗೆ ಹೂಂ ಎಂದಳು. ಮನಸ್ಸು ಬದಲಿಸುವ ಮೊದಲೇ ಸಕ್ಕರೆ ಹಂಚಿ ನಿಶ್ಚಯ ಮಾಡಿಬಿಟ್ಟೆವು.

ಮದುವೆಗೆ ಮುಂಚೆಯೇ ಆ ಕತೆ ಸಿನೆಮಾ ಆಗಿ ಬಂತು. ಮಹಾದೇವ ಪಾಪ, ನಮ್ಮನ್ನೆಲ್ಲ ಕರೆದೊಯ್ದ. ಪರದೆಯ ವೀರ ಬಾಗಿಲ ಚೌಕಟ್ಟಿನಷ್ಟು ಎತ್ತರ, ತಲೆ ತುಂಬ ಕೂದಲು, ಎಣ್ಣೆ ಹಚ್ಚಿದ ಎದೆ. ಖಡ್ಗವನ್ನು ಕಿರುಬೆರಳ ಮೇಲೆ ಗಿರಗಿರ ತಿರುಗಿಸಿದ. ರಾಕ್ಷಸ ಹಲ್ಲುನೋವೆಂದು ಬಾಯಿ ತೆರೆಯುವಷ್ಟರಲ್ಲಿ ಹಲ್ಲನ್ನೇ ಉದುರಿಸಿದ. ನನಗೆ ಚಿಂತೆ ಹತ್ತಿತು. ಪುಸ್ತಕದ ಗಿಡ್ಡನನ್ನು ತೋರಿಸಿ ಕೂಡಿಸಿದ ಸಂಬಂಧ, ಅವನೇ ಇಲ್ಲದಂತಾದರೆ ಉಳಿಯುವುದೇ? ಸವಿತಾ ಒಮ್ಮೆ ಪರದೆ ನೋಡುವಳು, ಒಮ್ಮೆ ಮಹಾದೇವನ ತಲೆ ನೋಡುವಳು.

ಇಂಟರ್ವಲ್ಲಿನಲ್ಲಿ ಮಹಾದೇವನೇ ಶೇಂಗಾ ಪೊಟ್ಟಣ ಹಿಡಿದು ನನ್ನ ಹತ್ತಿರ ಬಂದ. "ಆಯಿ, ಇವಂಗ ಅಂಜಿಕೀನ ಇಲ್ಲಲ್ರಿ. ಮತ್ತ ಇವಂದೇನ ಧೈರ್ಯಾರಿ? ನಾ ನೋಡ್ರಿ, ನಿಮ್ಮ ಮೊಮ್ಮಗಳ ಬಾಜೂಕ ಕುಂಡ್ರಾಕ ಅಂಜಿ ಸಾಯಾಕತ್ತೀನಿ."

ಅವನು ಪುಸ್ತಕ ಓದಿದವನಲ್ಲ. ಸವಿತಾ ಕಿಸಕ್ಕನೆ ನಕ್ಕು ಪೊಟ್ಟಣ ಕಸಿದುಕೊಂಡಳು. "ಆಯಿ, ನೀ ಆ ಕಡೆ ಸರಿ" ಎಂದಳು. ನನ್ನ ಕುರ್ಚಿ ಹೋಯಿತು, ಮದುವೆ ಉಳಿಯಿತು.

ಮನೆಯ ದಾರಿಯುದ್ದಕ್ಕೂ ನಾನು ಆ ಎಣ್ಣೆಯೆದೆಯವನನ್ನು ಬೈದೆ. ಕತೆ ಕೆಡಿಸಿದ, ರೂಪ ತೊಳೆದು ಕುಡಿಯಲು ಬರುತ್ತದೆಯೇ, ಗುಣ ನೋಡಬೇಕು ಎಂದು ಎಲ್ಲರಿಗೂ ಉಪದೇಶ ಮಾಡಿದೆ. ಮರುದಿನ ಬೆಳಿಗ್ಗೆ ತಲೆ ಬಾಚಿ, ಹೊಸ ಸೀರೆ ಉಟ್ಟು, ಕಟ್ಟಿದ ಬೀಡಿ ಕೊಟ್ಟು ಬರುತ್ತೇನೆಂದು ಮನೆಯಲ್ಲಿ ಹೇಳಿ ಒಬ್ಬಳೇ ಹತ್ತರ ಆಟಕ್ಕೆ ಹೋದೆ. ಪರದೆಗೆ ಹತ್ತಿರದ ಸಾಲಿನಲ್ಲೇ ಕೂತೆ.